ಪೇಂಟಿಂಗಿಗೆ ಹಿಡಿದ ಹಾಳೆ

ಢಬ್... ಕಟಕ್.

ಕಬ್ಬಿಣದ ಹಳೇ ಸ್ಟೇಪ್ಲರಿನ ತಲೆಗೆ ಮುಷ್ಟಿಯಿಂದ ಗುದ್ದಿದರೆ ಬರುವ ಸದ್ದು ಅದು. ಮೊನ್ನೆ ನಮ್ಮ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಬ್ಲಡ್ ರಿಪೋರ್ಟುಗಳ ಕಾಪಿ ಮಾಡಿಸಿಕೊಳ್ಳುತ್ತಾ ನಿಂತಿದ್ದೆ. ಅಲ್ಲಿನ ಹುಡುಗಿ ಹಾಳೆಗಳನ್ನು ಒಟ್ಟುಮಾಡಿ ಹಾಗೊಂದು ಗುದ್ದು ಗುದ್ದಿದಳು. ಬೆಚ್ಚಿಬಿದ್ದೆ. ಎಷ್ಟೋ ವರ್ಷದಿಂದ ಮರೆತಿದ್ದ ಆ ಮನುಷ್ಯ ಥಟ್ಟನೆ ಎದುರಿಗೆ ಬಂದು ಕೂತ. ಬನಿಯನ್ನಿನ ಮೇಲೆ ಗುಂಡಿ ಹಾಕದ ಶರ್ಟು, ಎಲೆಅಡಿಕೆಯ ಕೆಂಪು ತುಟಿ, ಕಿರುಬೆರಳಿನಲ್ಲಿ ಮಾತ್ರ ಉದ್ದಕ್ಕೆ ಬಿಟ್ಟ ಉಗುರು.

ನಾನು ಸುಮ್ಮಸುಮ್ಮನೆ ಯಾರನ್ನೂ ಏಕವಚನದಲ್ಲಿ ಬರೆಯುವವಳಲ್ಲ. ಕಾನ್ವೆಂಟಿನ ಸಿಸ್ಟರುಗಳು ತಲೆಗೆ ತುಂಬಿದ ಮ್ಯಾನರ್ಸ್ ಈ ವಯಸ್ಸಿಗೂ ಬಿಟ್ಟಿಲ್ಲ. ಹಾಲಿನವನಿಗೂ ಥ್ಯಾಂಕ್ಯೂ ಅನ್ನುತ್ತೇನೆ. ಆದರೆ ಇವನನ್ನು ‘ಅವರು’ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ. ಸಾರಿ.

ವೈಟ್‌ಫೀಲ್ಡಿನಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಎಷ್ಟೋ ಮುಂಚಿನ ಮಾತು. ಮೊಬೈಲಿಗೆ ಕರೆನ್ಸಿ ಹಾಕಿಸಲು ಅಂಗಡಿಗೇ ಹೋಗಬೇಕಿದ್ದ ಕಾಲ. ಕಾಡುಗೋಡಿ ಕಡೆಯ ರಸ್ತೆಯಲ್ಲಿ ಅವನದೊಂದು ಮೂರಂತಸ್ತಿನ ಕಟ್ಟಡವಿತ್ತು. ಅವನಪ್ಪ ಅಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದನಂತೆ. ಇವನು ಬಾಡಿಗೆ ಬೆಳೆಯುತ್ತಿದ್ದ. ಮೇಲೆಲ್ಲ ಒಂದೊಂದೇ ರೂಮಿನ ಮನೆಗಳು, ಕೆಳಗೆ ಸಾಲು ಅಂಗಡಿ. ಅದರಲ್ಲೊಂದನ್ನು ಕೇರಳದವರು ಯಾರೋ ಹಿಡಿದು ಇಂಗ್ಲಿಷ್ ಲೆಂಡಿಂಗ್ ಲೈಬ್ರರಿ ಮಾಡಿದ್ದರು. ನಡೆಯಲಿಲ್ಲ. ಒಂದು ಬೆಳಿಗ್ಗೆ ಪುಸ್ತಕಗಳನ್ನೆಲ್ಲ ಇದ್ದಲ್ಲೇ ಬಿಟ್ಟು ಊರಿಗೆ ಹೊರಟುಹೋದರು. ಹೀಗೆ, ಪೇಪರಿನ ಕ್ರೈಮ್ ಪುಟ ಬಿಟ್ಟು ಜನ್ಮದಲ್ಲಿ ಇನ್ನೇನನ್ನೂ ಓದದ ಮನುಷ್ಯ ಲೈಬ್ರರಿಯ ಓನರ್ ಆದ.

ಓನರ್ ಅನ್ನುವ ಪದವನ್ನು ಬೇಕೆಂದೇ ಹಾಕಿದ್ದೇನೆ. ಅವನು ಲೈಬ್ರರಿಯನ್ನು ನಡೆಸಿದ್ದೂ ಮನೆ ಬಾಡಿಗೆಗೆ ಕೊಡುವವನ ಹಾಗೇ. ನಮ್ಮ ಕಡೆ ಬಾಡಿಗೆಗೆ ಬರುವವರೆಲ್ಲ ಹನ್ನೊಂದು ತಿಂಗಳ ಅಗ್ರಿಮೆಂಟಿನವರು. ಮನೆ ಬದಲಾಯಿಸುವಾಗ ಅವರ ರಟ್ಟಿನ ಡಬ್ಬಗಳಲ್ಲಿ ಇವನ ಪುಸ್ತಕಗಳೂ ಮಾರತ್‌ಹಳ್ಳಿಗೋ ಹೈದರಾಬಾದಿಗೋ ಹೊರಟುಬಿಡುತ್ತಿದ್ದವು. ಅದಕ್ಕೆ ಇವನು ಹುಡುಕಿಕೊಂಡ ಉಪಾಯ ಏನು ಗೊತ್ತೆ? ಮಕ್ಕಳ ಪುಸ್ತಕವಿರಲಿ, ದೊಡ್ಡವರ ಪುಸ್ತಕವಿರಲಿ, ಕೊನೆಯ ಅಧ್ಯಾಯವನ್ನು ಬ್ಲೇಡಿನಿಂದ ಕೊಯ್ದು ಬೇರೆ ಮಾಡುವುದು. ಅದಕ್ಕೆ ಪ್ರತ್ಯೇಕ ಸ್ಟೇಪಲ್ ಹೊಡೆದು, ಎರಡಕ್ಕೂ ಒಂದೇ ನಂಬರು ಬರೆದು, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಟ್ಟುಕೊಳ್ಳುವುದು. ಪುಸ್ತಕ ವಾಪಸ್ ತಂದರೆ ಮಾತ್ರ ಕೊನೆಯ ಅಧ್ಯಾಯ ಕೈಗೆ. ಅದನ್ನು ಓದಿ ಮಾರನೇ ದಿನ ತಂದುಕೊಡಬೇಕು.

ಮೊದಲ ಸಲ ಆ ಬೋಳು ಪುಸ್ತಕ ಕೈಗೆ ಸಿಕ್ಕಾಗ ನನಗೆ ಮೈ ಉರಿದುಹೋಯಿತು. ನಮ್ಮ ಕಾನ್ವೆಂಟ್ ಲೈಬ್ರರಿಯಲ್ಲಿ ಪುಟದ ಮೂಲೆ ಮಡಿಸಿದರೂ ಸಿಸ್ಟರ್ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು.

“ಏನ್ರೀ ಇದು? ಪುಸ್ತಕಕ್ಕೆ ಕೊನೆಯೇ ಇಲ್ಲ?”

“ಅಡ್ವಾನ್ಸು ಮೇಡಂ.”

“ವಾಟ್?”

“ಮನೆಗೆ ಅಡ್ವಾನ್ಸ್ ಇಸ್ಕಳಲ್ವಾ? ಇದೂ ಅಂಗೇಯ. ಖಾಲಿ ಮಾಡ್ದಾಗ ವಾಪಸ್ ಕೊಡ್ತೀವಿ.”

“ಕಟುಕರ ಕೆಲಸ ರೀ ಇದು.”

“ಅವ್ರಿಗೂ ಒಂದು ಅಂಗ್ಡಿ ಕೊಟ್ಟಿವ್ನಿ, ಪಕ್ಕದಾಗೇ ಐತೆ,” ಎಂದು ಹೆಬ್ಬೆರಳಲ್ಲಿ ಚಿಕನ್ ಸ್ಟಾಲ್ ತೋರಿಸಿದ. ಅದು ಜೋಕೆಂದು ಅವನಿಗೇ ಗೊತ್ತಿತ್ತೋ ಇಲ್ಲವೋ...

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆಲ್ಲ ಗೊತ್ತಿರುವ ಇನ್ನೊಂದು ಪದ್ಧತಿ ಇದೆ. ಮನೆ ಬಿಡುವ ದಿನ ಓನರ್ ಬಂದು ಗೋಡೆಗಳನ್ನು ನೋಡುತ್ತಾನೆ. ಅಡ್ವಾನ್ಸಿನಲ್ಲಿ ಒಂದಿಷ್ಟನ್ನು ‘ಪೇಂಟಿಂಗಿಗೆ’ ಎಂದು ಹಿಡಿದುಕೊಳ್ಳುತ್ತಾನೆ. ಪೇಂಟು ಹೊಡೆಸುತ್ತಾನೋ ಬಿಡುತ್ತಾನೋ, ದೇವರೇ ಬಲ್ಲ. ಇವನು ಅದನ್ನೂ ಪುಸ್ತಕಕ್ಕೆ ತಂದಿದ್ದ. ಪುಸ್ತಕದಲ್ಲಿ ಕಲೆ ಕಂಡರೆ, ಕೊಡಬೇಕಾದ ಕೊನೆಯ ಅಧ್ಯಾಯದಿಂದ ಕೊನೆಯ ಹಾಳೆಯೊಂದನ್ನು ಹರಿದು ತಾನೇ ಇಟ್ಟುಕೊಳ್ಳುತ್ತಿದ್ದ. ಚಿಕ್ಕ ಮಕ್ಕಳಿಂದ! ಒಬ್ಬ ಬೆಳೆದ ಗಂಡಸು!

ಆ ಬೇಸಿಗೆ ನನ್ನ ಮಗಳು ಮಹದೇವಪುರದ ಮನೆ ಬಿಟ್ಟು, ಇಬ್ಬರು ಮಕ್ಕಳನ್ನು ಕರೆದುಕೊಂಡು ನನ್ನ ಫ್ಲ್ಯಾಟಿಗೆ ಬಂದಿದ್ದಳು. ಮೊಮ್ಮಗಳಿಗೆ ಹತ್ತು, ಮೊಮ್ಮಗನಿಗೆ ಏಳು. ಅವರಿಗೆ ‘ಸಮ್ಮರ್ ಹಾಲಿಡೇಸ್’ ಎಂದು ಹೇಳಿದ್ದೆವು. ನಿಜವೆಂದರೆ ಗಂಡಹೆಂಡತಿ ಬೇರೆಯಾಗುತ್ತಿದ್ದರು. ಎರಡೂ ಕಡೆಯ ಹಿರಿಯರು, ಜೊತೆಗೊಬ್ಬ ಲಾಯರು, ನಮ್ಮ ಹಾಲಿನಲ್ಲೇ ಕೂತು, ನಾನೇ ಮಾಡಿಕೊಟ್ಟ ಕಾಫಿ ಕುಡಿದು ತೀರ್ಮಾನಿಸಿದರು: ಹುಡುಗಿ ತಾಯಿಗೆ, ಹುಡುಗ ತಂದೆಗೆ. ಫ್ರಿಜ್ ನಿಮಗೆ, ಸೋಫಾ ನಮಗೆ ಅನ್ನುವ ಹಾಗೆ. ಸ್ಕೂಲು ತೆರೆಯುವ ಮುಂಚೆ ಅಳಿಯ ಬಂದು ಹುಡುಗನನ್ನು ತನ್ನೂರು ಬಳ್ಳಾರಿಗೆ ಕರೆದೊಯ್ಯುವುದು. “ಅಕ್ಕತಮ್ಮನನ್ನು ಹೀಗೆ ಅಗಲಿಸ್ತಾರಾ?” ಎಂದು ನಾನು ಬಾಯಿ ತೆರೆದದ್ದಕ್ಕೆ ಆ ಲಾಯರು, “ಆಂಟಿ, ಬಿ ಪ್ರಾಕ್ಟಿಕಲ್,” ಅಂದ. ಬಿಸ್ಕತ್ತನ್ನು ಕಾಫಿಗೆ ಅದ್ದುತ್ತಾ ಅಂದ. ಅವನ ಬಿಸ್ಕತ್ತು ಮುರಿದು ಲೋಟದೊಳಗೆ ಬಿದ್ದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಕ್ಕಳು ಆ ಲೈಬ್ರರಿಯಿಂದ ತಂದದ್ದು ಒಂದು ಮಕ್ಕಳ ಕಾದಂಬರಿ. ರಕ್ಷಾಪುಟ ಹೋಗಿತ್ತು, ಬರೆದವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇಲ್ಲ. ಅಕ್ಕತಮ್ಮ ಇಬ್ಬರು ಬೇಸಿಗೆ ರಜೆಗೆ ಸಮುದ್ರದ ಹತ್ತಿರವಿರುವ ಸೋದರತ್ತೆಯ ಮನೆಗೆ ಹೋಗುತ್ತಾರೆ. ಅಲ್ಲೊಂದು ಕುಂಟು ಕತ್ತೆ ಸಿಗುತ್ತದೆ. ಅತ್ತೆಗೆ ಗೊತ್ತಾಗದಂತೆ ಅದನ್ನು ದೋಣಿಮನೆಯಲ್ಲಿ ಬಚ್ಚಿಡುತ್ತಾರೆ. ಅಷ್ಟೇ ಕಥೆ. ವೆರಿ ಆರ್ಡಿನರಿ ಸ್ಟಫ್. ಎರಡು ಪುಟಕ್ಕೊಮ್ಮೆ ಯಾರಾದರೂ ಏನಾದರೂ ತಿನ್ನುತ್ತಿರುತ್ತಾರೆ. ಅತ್ತೆ ಮಾತೆತ್ತಿದರೆ ಹವಾಮಾನ. ಕತ್ತೆಯೊಂದೇ ಆ ಪುಸ್ತಕದಲ್ಲಿ ತಲೆ ನೆಟ್ಟಗಿದ್ದ ಪ್ರಾಣಿ.

ಆದರೆ ಮಕ್ಕಳಿಗೆ ಪ್ರಾಣ. ಮಧ್ಯಾಹ್ನ ಕರೆಂಟು ಹೋದ ಮೇಲೆ ಬರೀ ನೆಲದ ಮೇಲೆ ಅಂಗಾತ ಮಲಗಿಕೊಂಡು, ಅಕ್ಕ ಓದಿ ಕನ್ನಡದಲ್ಲಿ ಹೇಳಬೇಕು, ತಮ್ಮ ಕೇಳಬೇಕು. ಹಿಂದಿನ ಖಾಲಿ ಸೈಟಿನಲ್ಲಿ ಟೆಕ್ ಪಾರ್ಕಿಗೆ ಪಾಯ ತೋಡುವ ಮಿಷನ್ನಿನ ಸದ್ದು. ಅದರ ಮಧ್ಯೆ ಇವರ ಜಗಳ.

“ಅಕ್ಕಾ, ರಜಾ ಮುಗಿದ್ಮೇಲೆ ಕತ್ತೆ ಅವರ ಜೊತೆ ಹೋಗುತ್ತಾ?”

“ಕಾರಲ್ಲಿ ಕತ್ತೆ ಹಿಡಿಯಲ್ಲ ಕಣೋ ಪೆದ್ದು.”

“ಡಿಕ್ಕೀಲಿ ಕೂರಿಸ್ಬೋದು.”

“ಕತ್ತೆ ಕೂರಲ್ಲ. ನೀನು ಕೂರು ಡಿಕ್ಕೀಲಿ.”

ಒಂದು ದಿನ ನಾನು ಅಡುಗೆಮನೆಯಿಂದ ಬರುವಾಗ ಮೊಮ್ಮಗ ರಸಪುರಿ ಮಾವಿನಹಣ್ಣು ಚೀಪಿದ ಬೆರಳನ್ನು ಪುಸ್ತಕದ ಚಿತ್ರಕ್ಕೆ ಒತ್ತುತ್ತಿದ್ದ. ಕತ್ತೆಯ ಬಾಯಿಯ ಮೇಲೆ ಹಳದಿ ರಸ. “ಏನೋ ಮಾಡ್ದೆ?” ಅಂದರೆ, “ಅದಕ್ಕೆ ಯಾರೂ ಊಟಾನೇ ಹಾಕಿಲ್ಲ ಅಜ್ಜಿ, ಬೆಳಗ್ಗಿಂದ,” ಅಂದ.

ರಜೆಯ ಕೊನೆಯ ವಾರ ತಿಂಡಿ ತಿನ್ನುವಾಗ ಮಗಳು ಅವರಿಗೆ ವಿಷಯ ಹೇಳಿದಳು. ಹೇಳಿ, ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಮೊಮ್ಮಗ ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದ. “ಅಜ್ಜಿ, ಪುಸ್ತಕ ಮುಗಿಸ್ಕೊಂಡು ಹೋಗ್ಬೋದಾ?”

“ಹೋಗ್ಬೋದು ಕಂದ. ಖಂಡಿತ,” ಅಂದೆ. ನಾನು ಕೊಡಬಹುದಾದದ್ದು ಅದೊಂದೇ ಇತ್ತು.

ಮತ್ತೆ ಅವನು ಒಂದು ಕಂಡೀಷನ್ ಹಾಕಿದ. ಅಕ್ಕ ಮುಂಚೆ ಓದಿಕೊಳ್ಳಬಾರದು. ಇಬ್ಬರೂ ಒಟ್ಟಿಗೇ ಮುಗಿಸಬೇಕು.

ಹೊರಡುವ ಹಿಂದಿನ ಸಂಜೆ ಇಬ್ಬರೂ ಹೋಗಿ ಪುಸ್ತಕ ಕೊಟ್ಟು ಕೊನೆಯ ಅಧ್ಯಾಯ ತಂದರು. ಬಂದವರೇ ನೆಲಕ್ಕೆ ಬಿದ್ದು ಓದತೊಡಗಿದರು. ನಾನೂ ಸೋಫಾದಲ್ಲಿ ಕೂತು, ಹೆಣಿಗೆಯ ನೆಪದಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಅತ್ತೆಗೆ ಕತ್ತೆಯ ವಿಷಯ ಗೊತ್ತಾಗಿದೆ. ರಜೆಯ ಕೊನೇ ದಿನ. ಕತ್ತೆಯನ್ನು ಕೊಂಡುಕೊಳ್ಳುವವನ ಲಾರಿ ಗೇಟಿನ ಹತ್ತಿರ ಬಂದು ನಿಂತಿದೆ. ಅಕ್ಕತಮ್ಮ ಕತ್ತೆಯ ಎರಡು ಪಕ್ಕದಲ್ಲಿ ನಿಂತು ಅದರ ಕುತ್ತಿಗೆ ತಬ್ಬಿಕೊಂಡಿದ್ದಾರೆ. ಅತ್ತೆ ಬಾಗಿಲಿಗೆ ಬರುತ್ತಾಳೆ, ಇಬ್ಬರನ್ನೂ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ...

ಮೊಮ್ಮಗಳು ನಿಲ್ಲಿಸಿದಳು. ಹಾಳೆ ತಿರುವಿದಳು. ತಿರುವಲು ಏನೂ ಇರಲಿಲ್ಲ.

“ಅತ್ತೆ ಏನಂದ್ಳು?” ಮೊಮ್ಮಗ ಕೇಳಿದ.

“ಇಲ್ಲ ಇದ್ರಲ್ಲಿ.”

“ಅತ್ತೆ ಏನಂದ್ಳು ಅಕ್ಕಾ?”

“ಆ ಅಂಕಲ್ ಒಂದು ಪೇಜ್ ಹರ್ಕೊಂಡ್ರು ಅಜ್ಜಿ,” ಎಂದು ಮೊಮ್ಮಗಳು ನನ್ನ ಕಡೆ ತಿರುಗಿದಳು. “ಮಾವಿನಹಣ್ಣಿನ ಕಲೆ ನೋಡಿ ‘ಪೇಂಟಿಂಗು’ ಅಂದ್ರು. ನಂಗೆ ಅರ್ಥಾನೇ ಆಗ್ಲಿಲ್ಲ.”

ನನಗೆ ಅರ್ಥವಾಗಿತ್ತು. ಆಗಲೇ ಹೋಗೋಣವೆಂದರೆ ಅವನು ಶಟರ್ ಎಳೆದಾಗಿತ್ತು.

ಮಾರನೇ ಬೆಳಿಗ್ಗೆ ಅಳಿಯ ಫೋನ್ ಮಾಡಿ, ಮನೆಗೆ ಬರುವುದಿಲ್ಲ, ಮೇನ್ ರೋಡಿಗೆ ಕರೆದುಕೊಂಡು ಬನ್ನಿ ಅಂದ. ಮಗಳು ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಳು. ಹಾಗಾಗಿ ಒಂದು ಕೈಯಲ್ಲಿ ಹುಡುಗನ ಬ್ಯಾಗು, ಇನ್ನೊಂದು ಕೈಯಲ್ಲಿ ಹುಡುಗ, ಪಕ್ಕದಲ್ಲಿ ಅವನಕ್ಕ, ಹೀಗೆ ನಾವು ಮೂವರೂ ಲೈಬ್ರರಿಯವನು ಶಟರ್ ಎತ್ತುವ ಹೊತ್ತಿಗೆ ಅವನ ಅಂಗಡಿಯ ಮುಂದಿದ್ದೆವು. ಕಾರು ಬರುವ ಮುಂಚೆ ಆ ಹಾಳೆ ಸಿಗಬೇಕಿತ್ತು.

ನಾನು ಶುರುಮಾಡಿದ್ದೇ ಇಂಗ್ಲಿಷಿನಲ್ಲಿ. ಶೇಮ್‌ಲೆಸ್, ಹಾರ್ಟ್‌ಲೆಸ್, ಫಿಲಿಸ್ಟೈನ್... ಸಿಸ್ಟರುಗಳು ಕಲಿಸಿದ್ದನ್ನೆಲ್ಲ ಅವತ್ತು ಖರ್ಚು ಮಾಡಿದೆ. ಅವನು ಗಣಪತಿ ಫೋಟೋಗೆ ಊದುಬತ್ತಿ ಹಚ್ಚಿ ಮುಗಿಸುವವರೆಗೆ ಕೇಳಿಸಿಕೊಂಡ.

“ವತ್ತಾರೆನೇ ಬೈತೀರಲ್ಲ ಮೇಡಂ. ಬೈಯಾದಾದ್ರೆ ಕನ್ನಡದಾಗೆ ಬೈರಿ, ಬೋಣಿ ಟೈಮು, ಏನಂತ ಗೊತ್ತಾಗ್ಲಿ.”

“ಆ ಹಾಳೆ ಕೊಡಿ.”

“ಪೇಂಟಿಂಗಿಗೆ ಇಡ್ದಿದ್ದು ವಾಪಸ್ ಕೊಡಾಕಿಲ್ಲ. ಎಲ್ರಿಗೂ ಒಂದೇ ರೂಲ್ಸು.”

“ಇವನು ಈಗ ಹೊರಡ್ತಿದಾನೆ ರೀ. ಅವರಪ್ಪನ ಜೊತೆ.”

“ಒಳ್ಳೇದಾಯ್ತು. ಅಕ್ಕ?”

“ಅವಳು ಇಲ್ಲೇ.”

ಅವನು ಇಬ್ಬರನ್ನೂ ನೋಡಿದ. ನಂತರ ಬ್ಯಾಗನ್ನು ನೋಡಿದ. ಗಂಟಲು ಕೆರೆದು, ಹೊರಗೆ ಹೋಗಿ ಉಗಿದು ಬಂದು, ಮೇಲಿನ ಶೆಲ್ಫಿನಿಂದ ಇನ್ನೊಂದು ಡಬ್ಬ ಇಳಿಸಿದ. ಮುಚ್ಚಳ ತೆಗೆದರೆ ಒಳಗೆಲ್ಲ ಒಂಟಿ ಹಾಳೆಗಳು. ಎಷ್ಟು ಮಕ್ಕಳಿಂದ ಕಿತ್ತುಕೊಂಡಿದ್ದನೋ! ಅಧ್ಯಾಯಕ್ಕೆ ನಂಬರ್ ಬರೆಯುತ್ತಿದ್ದ ಈ ಮಹಾನುಭಾವ ಹರಿದ ಹಾಳೆಗೆ ಏನೂ ಬರೆದಿರಲಿಲ್ಲ. ವಾಪಸ್ ಕೊಡುವ ಉದ್ದೇಶವಿದ್ದರೆ ತಾನೆ ಬರೆಯುವುದು? ಓದಿ ಹುಡುಕೋಣವೆಂದರೆ ಅವನಿಗೆ ಇಂಗ್ಲಿಷ್ ಬಾರದು. ಒಂದೊಂದೇ ಹಾಳೆ ತೆಗೆದು ಹುಡುಗನ ಮುಂದೆ ಹಿಡಿದ.

“ಇದಾ ನೋಡ್ಲಾ ಮಗಾ.”

“ಅಲ್ಲ.”

“ಇದು?”

“ಇದ್ರಲ್ಲಿ ರಾಜಕುಮಾರಿ ಇದಾಳೆ,” ಅಂದಳು ಮೊಮ್ಮಗಳು.

“ಇದು? ಇದ್ರಾಗೆ ಏನೋ ಪ್ರಾಣಿ ಚಿತ್ರ ಐತೆ.”

“ಅದು ನಾಯಿ. ನಮ್ದು ಕತ್ತೆ. ಅದನ್ನ ಮಾರ್ತಾರಾ, ಅಕ್ಕತಮ್ಮನ ಜೊತೆ ಕಳಿಸ್ತಾರಾ ಅಂತ ಅದ್ರಲ್ಲೇ ಇರೋದು,” ಅಂದ ಮೊಮ್ಮಗ.

ಇಬ್ಬರೂ ಡಬ್ಬದೊಳಗೆ ತಲೆ ಹಾಕಿ ಹುಡುಕತೊಡಗಿದರು. ಯಾರ್ಯಾರದೋ ಮದುವೆ, ಯಾರಿಗೋ ಸಿಕ್ಕ ನಿಧಿ, ಊರಿಗೆ ವಾಪಸ್ ಬಂದ ಯಾರೋ ಅಪ್ಪ... ಎಲ್ಲ ಪುಸ್ತಕಗಳ ಕೊನೆಯೂ ಅಲ್ಲಿತ್ತು, ನಮ್ಮದೊಂದು ಬಿಟ್ಟು. ಡಬ್ಬದ ತಳ ಕಂಡಾಗ ಅವನು ತಲೆ ಕೆರೆದುಕೊಂಡ.

“ನೆನ್ನೆ ಸಂಜೆ ಜೇಬಿಗೆ ಮಡಗಿದ್ನಾ... ನಮ್ಮೋಳು ಶರ್ಟು ಒಗ್ಯಾಕೆ ತಕ್ಕೊಂಡಾಗ ನೀರೊಲೆಗೆ ಹಾಕ್ಬುಟ್ಳೇನೋ.”

ಇದನ್ನು ಅವನು ಪವರ್ ಕಟ್ ವಿಷಯ ಹೇಳುವವನ ಹಾಗೆ ಹೇಳಿದ. ರಸ್ತೆಯಲ್ಲಿ ಹಾರನ್ ಆಯಿತು.

ಅಳಿಯ ಕಾರಿನಿಂದ ಇಳಿಯಲಿಲ್ಲ. ಒಳಗಿಂದಲೇ ಡೋರ್ ತೆರೆದ. ಕೊನೆಯ ಅಧ್ಯಾಯ ಮೊಮ್ಮಗನ ಕೈಯಲ್ಲೇ ಇತ್ತು. ಅದನ್ನು ಮಡಿಸಿ ಚಡ್ಡಿ ಜೇಬಿಗೆ ತುರುಕಿಕೊಂಡ. ಅಕ್ಕನಿಗೆ ಟಾಟಾ ಮಾಡಲಿಲ್ಲ. “ಅತ್ತೆ ಏನಂದ್ಳು ಅಂತ ಗೊತ್ತಾದ್ರೆ ಫೋನ್ ಮಾಡು,” ಅಂದ, ಅಷ್ಟೇ. ಮೊಮ್ಮಗಳು ತಲೆ ಆಡಿಸಿದಳು. ಅವನ ಕಾಲರ್ ಒಳಗೆ ಮಡಚಿಕೊಂಡಿತ್ತು, ಅದನ್ನು ಸರಿಮಾಡಿದಳು.

ಕಾರು ರಿವರ್ಸ್ ತೆಗೆಯುವಾಗ ಈ ಮನುಷ್ಯ ಅಂಗಡಿಯಿಂದ ದಡದಡ ಇಳಿದು, ಪಂಚೆ ಎತ್ತಿ ಹಿಡಿದು ಕೂಗಿದ.

“ಲೇ ಮಗಾ! ಕತ್ತೆ ಮಾರ್ನಿಲ್ಲ ಕಣ್ಲಾ! ಇಬ್ರ ಜೊತ್ಗೇ ಕಳಿಸ್‌ಬುಟ್ರು! ನಾನು ನೋಡಿವ್ನಿ!”

ಹುಡುಗ ಕಿಟಕಿಯಿಂದ ನಕ್ಕ. ನನಗೆ ಇವತ್ತಿಗೂ ಆ ನಗು...

ನಿಮ್ಮಲ್ಲಿ ಕೆಲವರಿಗೆ ಇಲ್ಲಿ ಕಣ್ಣು ಒದ್ದೆಯಾಗಬಹುದು. ನನಗಾಗಲಿಲ್ಲ. ಮೊದಲು ಕಿತ್ತುಕೊಂಡ, ಆಮೇಲೆ ಕಳೆದ, ಕೊನೆಗೊಂದು ಸುಳ್ಳು ಹೇಳಿ ದೊಡ್ಡ ಮನುಷ್ಯನಾದ. ಅಂಥ ಔದಾರ್ಯ ನನಗೆ ಬೇಕಿಲ್ಲ. ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗಿಗೆ ಅದು ಅಲ್ಲೇ ಗೊತ್ತಾಗಿತ್ತು. “ಹೀ ಈಸ್ ಲೈಯಿಂಗ್ ಅಜ್ಜಿ. ಅವರಿಗೆ ಇಂಗ್ಲಿಷ್ ಓದಕ್ಕೇ ಬರಲ್ಲ,” ಅಂದಳು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ಆಮೇಲೆ ಫೋನುಗಳು ಕಡಿಮೆಯಾದವು. ಬಳ್ಳಾರಿಯಲ್ಲಿ ಎತ್ತಿಕೊಳ್ಳುವವರು ಎತ್ತಿಕೊಳ್ಳುತ್ತಿರಲಿಲ್ಲ, ಇಲ್ಲಿ ಮಾಡುವವರು ಮಾಡುತ್ತಿರಲಿಲ್ಲ. ಎರಡೂ ಕಡೆಯ ಹಿರಿಯರೆಂಬ ಆ ಜನರ ಮರ್ಯಾದೆ ದೊಡ್ಡದು ನೋಡಿ. ಈಗ ಮಕ್ಕಳು ತಮ್ಮ ತಮ್ಮ ಮೊಬೈಲಿನಲ್ಲಿ ತಾವೇ ಮಾತಾಡುವಷ್ಟು ದೊಡ್ಡವರಾಗಿದ್ದಾರೆ. ಬರ್ತ್‌ಡೇಗೆ ಒಬ್ಬರಿಗೊಬ್ಬರು ಕೇಕಿನ ಚಿತ್ರ ಕಳಿಸುತ್ತಾರಂತೆ. ಜೆರಾಕ್ಸ್ ಅಂಗಡಿಯಿಂದ ಬಂದ ದಿನವೇ ತಡೆಯಲಾರದೆ ಇಬ್ಬರಿಗೂ ಫೋನ್ ಮಾಡಿ ಕೇಳಿದೆ. ಮೊಮ್ಮಗ, “ಕತ್ತೆ ಅವರ ಜೊತೇನೇ ಹೋಯ್ತಲ್ಲ ಅಜ್ಜಿ, ನಾವು ಓದಿದ್ವಲ್ಲ,” ಅಂದ. ಮೊಮ್ಮಗಳು, “ಅದಾ? ಮಾರ್ತಾರೆ ಅಜ್ಜಿ. ಇನ್ನೇನ್ ಮಾಡ್ತಾರೆ,” ಅಂದಳು, ಮೀಟಿಂಗಿದೆ ಎಂದು ಫೋನ್ ಇಟ್ಟಳು. ಒಬ್ಬಳ ಮಾತನ್ನು ಇನ್ನೊಬ್ಬನಿಗೆ ನಾನು ಹೇಳಲಿಲ್ಲ.

ಅವನ ಕಟ್ಟಡವಿದ್ದ ಜಾಗದಲ್ಲಿ ಈಗ ಮೆಟ್ರೋ ಕಂಬವೊಂದು ನಿಂತಿದೆ. ಅವನು ಎಲ್ಲಿ ಹೋದನೆಂದು ಸುತ್ತಮುತ್ತ ಯಾರಿಗೂ ಗೊತ್ತಿಲ್ಲ. ಎದುರು ಸಾಲಿಗೆ ಹೋಗಿರುವ ಚಿಕನ್ ಸ್ಟಾಲಿನವನಿಗೂ.

ನಾನು ಲೈಬ್ರರಿಯವನನ್ನು ಕೊನೆಯ ಸಲ ನೋಡಿದ್ದು ರಸ್ತೆ ಅಗಲ ಮಾಡಲು ಅವನ ಗೋಡೆಗೆ ಕೆಂಪು ಗುರುತು ಹಾಕಿದ್ದಾಗ. ತರಕಾರಿ ತರಲು ಹೊರಟಿದ್ದೆ. ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸುತ್ತ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು, ನಂಬರ್ ನೋಡಿ ನೋಡಿ ಪುಸ್ತಕಕ್ಕೆ ಅದರ ಕೊನೆಯ ಅಧ್ಯಾಯ ಸೇರಿಸಿ ಸ್ಟೇಪಲ್ ಹೊಡೆಯುತ್ತಿದ್ದ. ಯಾರೋ ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಒಪ್ಪಿದ್ದರಂತೆ. ಢಬ್... ಕಟಕ್. ಕೂದಲೆಲ್ಲ ಬೆಳ್ಳಗಾಗಿತ್ತು. ನಾನು ಮುಖ ತಿರುಗಿಸಿಕೊಂಡು ದಾಟುತ್ತಿದ್ದೆ.

“ಮೇಡಂ! ವಸಿ ನಿಂತ್ಕಳಿ. ಆ ಕತ್ತೆ ಪುಸ್ಕದ ಕೊನೇದು ನಿಮ್ತಾವೇ ಉಳ್ಕಂಡೈತೆ.”

ಅಷ್ಟು ವರ್ಷವಾದ ಮೇಲೆ! ಮನುಷ್ಯನ ನೆನಪು ಯಾವುದಕ್ಕೆ ಉಪಯೋಗವಾಗುತ್ತದೆ ನೋಡಿ. “ಪುಸ್ತಕ ಇದೆಯಾ?” ಎಂದೆ. ಕುರ್ಚಿಯ ಕೆಳಗಿಂದ ಎತ್ತಿ ತೋರಿಸಿದ. ಅದೇ. ಪುಟ ತಾನಾಗಿಯೇ ಆ ಚಿತ್ರಕ್ಕೆ ತೆರೆದುಕೊಂಡಿತು. ಕತ್ತೆಯ ಬಾಯಿಯ ಮೇಲಿನ ಮಾವಿನ ರಸ ಕಂದುಬಣ್ಣಕ್ಕೆ ತಿರುಗಿತ್ತು. ಪುಟ್ಟ ಬೆರಳಿನ ಗುರುತು ಹಾಗೇ ಇತ್ತು. ನನ್ನ ಕೈ ತಾನೇ ಮುಂದಕ್ಕೆ ಹೋಯಿತು.

ಅವನು ಪುಸ್ತಕ ಹಿಂದಕ್ಕೆಳೆದುಕೊಂಡ. “ಕೊನೇದು ತಂದ್ಕೊಡಿ ಮೇಡಂ, ಆಮ್ಯಾಕೆ.”

“ಅದು ಸಿಗಲ್ಲ.”

“ಅಂಗಂದ್ರೆ ಎಂಗೆ? ಅದು ನಂದು.”

“ಪೇಂಟಿಂಗಿಗೆ ಹಿಡ್ಕೊಂಡಿದೀನಿ ಅಂತ ತಿಳ್ಕೊಳ್ಳಿ.”

ಅವನು ತೆರೆದ ಬಾಯಿ ಹಾಗೇ ಇಟ್ಟುಕೊಂಡು ಪುಸ್ತಕವನ್ನು ತೊಡೆಯ ಮೇಲಿಳಿಸಿದ. ನನ್ನ ಇಡೀ ಇಂಗ್ಲಿಷಿಗೆ ಆಗದಿದ್ದದ್ದು ಅವನದೇ ಒಂದು ಮಾತಿಗೆ ಆಯಿತು. ಚೀಲ ಹಿಡಿದು ಹೊರಟೆ.

“ಮೇಡಂ,” ಹಿಂದಿನಿಂದ ಕೇಳಿದ, “ಆ ಚಿಕ್ಕೋನು ಬತ್ತಾನಾ?”

“ಇಲ್ಲ.”

“ಬಂದ್ರೆ ಏಳಿ, ಕೊಡ್ತೀನಿ. ಕೊನೇದು ತರ್ಬೇಕು ಅಷ್ಟೇಯ.”

ತಿರುಗಿ ನೋಡಿದೆ. ಆ ಪುಸ್ತಕವನ್ನು ಮಾರುವ ಗುಡ್ಡೆಗೆ ಹಾಕದೆ ತೊಡೆಯ ಕೆಳಗೆ ಇಟ್ಟುಕೊಂಡು, ಇನ್ನೊಂದನ್ನು ಎತ್ತಿಕೊಂಡು, ಮುಷ್ಟಿ ಮೇಲೆತ್ತಿದ್ದ.